ಬದುವಿನಾಚೆಯ ನೆಂಟರು

ದಾವಣಗೆರೆಯ ನನ್ನ ಕೋಣೆಯಲ್ಲಿ ಪ್ರಬಂಧದ ಮೂರನೇ ಅಧ್ಯಾಯ ನಿಂತೇ ಹೋಗಿತ್ತು. 1960ರ ಏಪ್ರಿಲ್‌ನಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ದೆಹಲಿಗೆ ಬಂದು ನೆಹರೂ ಜೊತೆ ಮಾತಾಡಿದರು. ಗಡಿ ಇತ್ಯರ್ಥವಾಗಲಿಲ್ಲ, ದಾಖಲೆ ನೋಡುವ ಕೆಲಸ ಅಧಿಕಾರಿಗಳ ಪಾಲಾಯಿತು. 1962ರಲ್ಲಿ ಯುದ್ಧವೇ ಆಯಿತು. 2014ರ ಸೆಪ್ಟೆಂಬರ್‌ನಲ್ಲಿ ಷಿ ಜಿನ್‌ಪಿಂಗ್ ಸಾಬರಮತಿ ದಂಡೆಯಲ್ಲಿ ಉಯ್ಯಾಲೆ ಮೇಲೆ ಕೂತಿದ್ದಾಗ ಲಡಾಖಿನ ಚುಮಾರ್‌ನಲ್ಲಿ ಎರಡೂ ಸೈನ್ಯಗಳು ಎದುರುಬದುರು ನಿಂತಿದ್ದವು. ‘ಇಂಥ ಭೇಟಿಗಳೆಲ್ಲ ಬರೀ ನಾಟಕ’ ಎಂದು ಬರೆದಿದ್ದೆ.

ಅಜ್ಜಿಯ ತಿಥಿಗೆಂದು ಹರಿಹರದ ಮನೆಗೆ ಹೋದೆ. ಹೊಲದ ಬದುವಿನ ವ್ಯಾಜ್ಯಕ್ಕೆ ಅಪ್ಪ, ಚಿಕ್ಕಪ್ಪ ಹನ್ನೊಂದು ವರ್ಷದಿಂದ ಕೋರ್ಟಿಗೆ ಅಲೆಯುತ್ತಿದ್ದಾರೆ. ಚಿಕ್ಕಪ್ಪ ಬಂದಿದ್ದರು. ಹೊಲದ ಮಾತು ಯಾರೂ ಎತ್ತಲಿಲ್ಲ. ಅಪ್ಪನೇ ಅವರ ಎಲೆಗೆ ಪಾಯಸ ಬಡಿಸಿದರು.

ಹೊರಡುವಾಗ ಚಿಕ್ಕಪ್ಪ ಚಪ್ಪಲಿ ಮೆಟ್ಟುತ್ತ, ‘ಅಣ್ಣಾ, ವಾಯಿದೆ ದಿನ ದಾವಣಗೆರೆಗೆ ಬಸ್ ಹತ್ತಬೇಡ. ನಿನ್ನ ಮಂಡಿ ಸರಿಯಿಲ್ಲ. ನನ್ನ ಬೈಕಿಗೇ ಬಾ’ ಅಂದರು. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ.

ಭೇಟಿಯಿಂದ ಬದು ಒಂದು ಗೇಣೂ ಸರಿಯಲಿಲ್ಲ. 1962ನ್ನೂ ಯಾವ ಭೇಟಿಯೂ ತಪ್ಪಿಸಲಿಲ್ಲ. ಆದರೂ ರಾತ್ರಿ ಕೋಣೆಗೆ ಮರಳಿ ‘ನಾಟಕ’ ಎಂಬ ಆ ವಾಕ್ಯವನ್ನು ಹೊಡೆದುಹಾಕಿದೆ. ಅದರ ಜಾಗದಲ್ಲಿ ಏನು ಬರೆಯಬೇಕೆಂದು ಇನ್ನೂ ಹೊಳೆದಿಲ್ಲ. ವಾಯಿದೆ ಮುಂದಿನ ವಾರ.