ಇಪ್ಪತ್ತೊಂದು ತಿಂಗಳ ಬೆಲೆ

ಬೋರ್ಡಿನ ಮೇಲೆ ಮೇಡಂ ಬರೆದಿರುವುದು ಒಂದು ತಾರೀಖು ಮಾತ್ರ: 2007, ಮೇ 31. ಅದರಾಚೆಗೆ ಏನಾಯಿತೆಂಬುದು ನಿಮಗೆ ಗೊತ್ತಿಲ್ಲ. ಕೋರ್ಟು ಗೊತ್ತಿಲ್ಲ, ಹರಾಜು ಗೊತ್ತಿಲ್ಲ. ಬೆಂಗಳೂರಿನ ವಿಮಾನಗಳು ಇನ್ನೂ ಎಚ್‌ಎಎಲ್ ನಿಲ್ದಾಣದಿಂದಲೇ ಏರುತ್ತಿವೆ, ದೇವನಹಳ್ಳಿಯಲ್ಲಿ ಹೊಸ ನಿಲ್ದಾಣದ ಕೆಲಸ ನಡೆದಿದೆ. ನೀವು ಕೂತಿರುವುದು ಕುದುರೆಲಾಳದ ಆಕಾರದ ತರಗತಿಯಲ್ಲಿ, ಮೂರನೆಯ ಸಾಲಿನಲ್ಲಿ. ಮುಂದೆ ಹೆಸರಿನ ಫಲಕ, ರಾತ್ರಿ ಓದಿ ಗೆರೆ ಎಳೆದಿಟ್ಟ ಹಾಳೆಗಳು, ಒಂದು ಕ್ಯಾಲ್ಕುಲೇಟರ್.

"ನೀವೀಗ ಯುಬಿ ಸಮೂಹದ ಹಣಕಾಸು ನೋಡಿಕೊಳ್ಳುವವರು" ಎನ್ನುತ್ತಾರೆ ಮೇಡಂ. "ಏರ್ ಡೆಕ್ಕನ್ ನಡೆಸುವ ಡೆಕ್ಕನ್ ಏವಿಯೇಷನ್ ಕಂಪನಿಯ ಶೇಕಡ 26ರಷ್ಟು ಪಾಲು, ಷೇರಿಗೆ 155 ರೂಪಾಯಿ, ಒಟ್ಟು 550 ಕೋಟಿ. ಕೊಳ್ಳಬೇಕು ಅನ್ನುವವರು ಕೈ ಎತ್ತಿ."

ಮುಕ್ಕಾಲು ತರಗತಿ ಕೈ ಎತ್ತುತ್ತದೆ. ನೀವೂ ಎತ್ತಿದ್ದೀರಿ.

"ಸರಿ. ಕೈ ಎತ್ತಿದವರೆಲ್ಲ ಮೊದಲು ಎರಡೂ ವಿಮಾನ ಹತ್ತಿಬನ್ನಿ."

ಮೊದಲನೆಯದು ಹುಬ್ಬಳ್ಳಿಗೆ ಹೊರಟ ಏರ್ ಡೆಕ್ಕನ್‌ನ ಎಟಿಆರ್. ಬೆಳಗಿನ ಹೊತ್ತು, ರೆಕ್ಕೆಯ ಕೆಳಗೆ ಪ್ರೊಪೆಲ್ಲರ್, ಮೈಮೇಲೆ ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯ. ಟಿಕೆಟ್ಟಿನಲ್ಲಿ ಸೀಟ್ ನಂಬರಿಲ್ಲ. ಬಾಗಿಲು ಹಿಂಬದಿಯಲ್ಲಿ, ಮೊದಲು ಓಡಿದವರಿಗೆ ಕಿಟಕಿ. ನೀರು ಬೇಕಾದರೆ ದುಡ್ಡು ಕೊಡಬೇಕು. ಪಕ್ಕದಲ್ಲಿ ಕೂತವರು ಟಿಕೆಟ್ ಕೊಂಡದ್ದು ಪೆಟ್ರೋಲ್ ಬಂಕಿನಲ್ಲಿ. ಇಂಜಿನ್ನಿನ ಸದ್ದಿಗೆ ಮಾತು ಕೇಳಿಸದಿದ್ದರೂ ಅವರ ಮುಖ ನೋಡಿದರೆ ಸಾಕು, ಇದು ಅವರ ಮೊದಲ ವಿಮಾನ.

ಈಗ ಲೆಕ್ಕ ಹಾಕಿ. ಎಟಿಆರ್-42ರಲ್ಲಿ 48 ಸೀಟು. ನಮ್ಮ ದೇಶದ ನಿಯಮದಲ್ಲಿ 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ಲ್ಯಾಂಡಿಂಗ್ ಶುಲ್ಕವಿಲ್ಲ, ಇಂಧನದ ಮೇಲಿನ ಮಾರಾಟ ತೆರಿಗೆ ಶೇಕಡ 4 ಮಾತ್ರ. ದೊಡ್ಡ ಜೆಟ್ ವಿಮಾನಕ್ಕೆ ಅದೇ ಇಂಧನ ತುಂಬಿದರೆ ಹಲವು ರಾಜ್ಯಗಳಲ್ಲಿ ಇದರ ಐದಾರು ಪಟ್ಟು ತೆರಿಗೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೈನ್ಯ ಬಿಟ್ಟು ರೇಷ್ಮೆ ಬೆಳೆದವರು. 2003ರಲ್ಲಿ ಏರ್ ಡೆಕ್ಕನ್ ಹೊರಡಿಸಿದಾಗ ಈ ಸಣ್ಣ ಉಳಿತಾಯಗಳನ್ನೆಲ್ಲ ಒಂದಕ್ಕೊಂದು ಪೋಣಿಸಿದ್ದರು. ಕೆಲವು ಸೀಟನ್ನು ಒಂದು ರೂಪಾಯಿಗೂ ಮಾರಿದರು. ಹಾಗೆಂದು ಕಂಪನಿ ಗಟ್ಟಿಯಾಗಿತ್ತು ಅಂದುಕೊಳ್ಳಬೇಡಿ. 2006ರಲ್ಲಿ ಸಾರ್ವಜನಿಕರಿಗೆ ಷೇರು ಬಿಟ್ಟಾಗ ಕೊಳ್ಳುವವರು ಸಾಲದೆ ಗಡುವು ವಿಸ್ತರಿಸಬೇಕಾಯಿತು, ಕೊನೆಗೆ 148 ರೂಪಾಯಿಗೆ ನಿಂತಿತು. ಅತಿ ವೇಗವಾಗಿ ಬೆಳೆದ ಕಂಪನಿ ಅಷ್ಟೇ ವೇಗವಾಗಿ ದುಡ್ಡು ಕರಗಿಸುತ್ತಿತ್ತು.

ಎರಡನೆಯದು ಯುಬಿ ಸಮೂಹದ್ದೇ ಆದ ಕಿಂಗ್‌ಫಿಷರ್‌ನ ಎ320. ನಿಮ್ಮ ಚೀಲವನ್ನು ನಿಲ್ದಾಣದ ಬಾಗಿಲಲ್ಲೇ ಯಾರೋ ಎತ್ತಿಕೊಳ್ಳುತ್ತಾರೆ. ಒಳಗೆ ಕೆಂಪು ಸಮವಸ್ತ್ರ, ಪ್ರತಿ ಸೀಟಿನ ಬೆನ್ನಿಗೆ ಟಿವಿ ಪರದೆ, ಬಿಸಿ ಊಟ. ಪರದೆಯಲ್ಲಿ ಸಮೂಹದ ಒಡೆಯ ವಿಜಯ್ ಮಲ್ಯ ಖುದ್ದಾಗಿ ಸ್ವಾಗತಿಸುತ್ತಾರೆ. ಇಲ್ಲಿ ನೀವು ಪ್ರಯಾಣಿಕರಲ್ಲ, ಅತಿಥಿ. 2005ರ ಮೇ ತಿಂಗಳಲ್ಲಿ ಶುರುವಾದ ಕಂಪನಿ ಆ ವರ್ಷವೇ ಜಗತ್ತಿನ ಅತಿ ದೊಡ್ಡ ಪ್ರಯಾಣಿಕ ವಿಮಾನವಾದ ಎ380ಗಳನ್ನು ಐದು ಬೇಕೆಂದು ಬರೆಸಿತ್ತು. ಸೇವೆ ನಿಜವಾಗಿಯೂ ಚೆನ್ನಾಗಿತ್ತು. ಅದನ್ನು ಒಪ್ಪದವರು ಈ ಪ್ರಕರಣವನ್ನು ಸರಿಯಾಗಿ ಓದುತ್ತಿಲ್ಲ ಎಂದೇ ನನ್ನ ಎಣಿಕೆ.

ಮತ್ತೆ ತರಗತಿಗೆ ಬನ್ನಿ. ಕೈ ಎತ್ತಿದವರು ಕಾರಣ ಕೊಡುತ್ತಿದ್ದಾರೆ. ಎರಡೂ ಸೇರಿದರೆ ದೇಶದೊಳಗಿನ ಪ್ರಯಾಣಿಕರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಹಿಂದಿನ ತಿಂಗಳಷ್ಟೇ ಜೆಟ್ ಏರ್‌ವೇಸ್ 1,450 ಕೋಟಿಗೆ ಸಹಾರಾವನ್ನು ಕೊಂಡಿದೆ, ಸುಮ್ಮನಿದ್ದರೆ ನಾವು ಹಿಂದೆ ಬೀಳುತ್ತೇವೆ. ಟಿಕೆಟ್ ದರದ ಜಗಳ ನಿಲ್ಲುತ್ತದೆ. ರಿಪೇರಿ, ತರಬೇತಿ, ಇಂಧನ ಒಟ್ಟಿಗೆ ಕೊಂಡರೆ ಉಳಿತಾಯ. ಎಲ್ಲವೂ ಬೋರ್ಡಿನ ಎಡಭಾಗ ತುಂಬುತ್ತದೆ. ಬಲಭಾಗ ಖಾಲಿ.

ಆಗ ಹಿಂದಿನ ಸಾಲಿನಿಂದ ಹುಬ್ಬಳ್ಳಿಯ ಹುಡುಗಿ ಎದ್ದು ನಿಲ್ಲುತ್ತಾಳೆ. "ಮೇಡಂ, ಐದು ವರ್ಷದ ನಿಯಮ ಯಾರೂ ಹೇಳವಲ್ರು. ದೇಶದಾಗ ಐದು ವರ್ಷ ಹಾರಿಸಿರಬೇಕು, ಇಪ್ಪತ್ತು ವಿಮಾನ ಇರಬೇಕು, ಆಮ್ಯಾಲೆ ಪರದೇಶಕ್ಕ ಪರವಾನಗಿ. ಕಿಂಗ್‌ಫಿಷರ್‌ಗೆ ಐದು ವರ್ಷ ತುಂಬೋದು 2010ರ ಮೇಕ್ಕ. ಡೆಕ್ಕನ್‌ಗೆ 2008ರ ಆಗಸ್ಟ್‌ಕ್ಕ."

"ಎಷ್ಟಾಯಿತು?"

"ಇಪ್ಪತ್ತೊಂದು ತಿಂಗಳು, ಮೇಡಂ."

ಬೋರ್ಡಿನ ಬಲಭಾಗದಲ್ಲಿ ಆ ಒಂದು ಸಂಖ್ಯೆ ಬೀಳುತ್ತದೆ. ಶೇಕಡ 26ಕ್ಕೆ 550 ಕೋಟಿ. ಇದರ ಬೆನ್ನಿಗೇ ಸಾರ್ವಜನಿಕ ಷೇರುದಾರರಿಂದ ಇನ್ನೂ ಶೇಕಡ 20ರಷ್ಟನ್ನು ಓಪನ್ ಆಫರ್‌ನಲ್ಲಿ ಕೊಳ್ಳಬೇಕು. ಅದೇ ದರದಲ್ಲಿ 420 ಕೋಟಿಯ ಮೇಲಾಗುತ್ತದೆ. ನಿಮ್ಮ ಕ್ಯಾಲ್ಕುಲೇಟರ್ 970ರ ಆಸುಪಾಸು ತೋರಿಸುತ್ತದೆ. ಲಂಡನ್ನಿಗೆ ಇಪ್ಪತ್ತೊಂದು ತಿಂಗಳು ಮೊದಲು ಹಾರುವುದಕ್ಕೆ ಸಾವಿರ ಕೋಟಿಗೆ ಸ್ವಲ್ಪ ಕಡಿಮೆ.

"ಹೊಲಕ್ಕ ದಾರಿ ಬೇಕಂತ ಬಾಜೂದವರ ಹೊಲಾನ ಸಾಲದ ಸಮೇತ ಕೊಂಡಂಗಾತು" ಎನ್ನುತ್ತಾಳೆ ಅವಳು. ಯಾರೂ ನಗುವುದಿಲ್ಲ. ಎಲ್ಲರೂ ಹಾಳೆ ತಿರುಗಿಸಿ ಡೆಕ್ಕನ್‌ನ ನಷ್ಟದ ಪುಟ ಹುಡುಕುತ್ತಿದ್ದಾರೆ.

ನೀವು ಇನ್ನೊಂದು ಪುಟದಲ್ಲಿ ನಿಂತಿದ್ದೀರಿ. ಅದೇ ಮೇ ತಿಂಗಳಲ್ಲಿ ಅದೇ ಸಮೂಹದ ಯುನೈಟೆಡ್ ಸ್ಪಿರಿಟ್ಸ್ ಸ್ಕಾಟ್ಲೆಂಡಿನ ವೈಟ್ ಆಂಡ್ ಮೆಕೇ ಕಂಪನಿಯನ್ನು 59.5 ಕೋಟಿ ಪೌಂಡಿಗೆ ಕೊಂಡಿದೆ. ಎರಡು ಬೇರೆ ಕಂಪನಿಗಳು, ಎರಡು ಬೇರೆ ಲೆಕ್ಕಪುಸ್ತಕಗಳು. ಹಾಗಿದ್ದರೂ ಒಂದು ಕಂಪನಿಯ ಸಾಲಕ್ಕೆ ಅದರ ತಾಯಿ ಕಂಪನಿ ಖಾತರಿ ನಿಲ್ಲುವ ದಿನ ಬಂದರೆ ಆ ಗೋಡೆ ಎಷ್ಟು ದಪ್ಪ ಉಳಿದೀತು? ಪುಟದ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ.

ಯುಬಿ ಸಮೂಹ ಆ ಪಾಲು ಕೊಂಡಾಯಿತು, ತಾರೀಖು ಬದಲಾಗುತ್ತದೆ. 2008ರ ಜುಲೈ. ಕಚ್ಚಾ ತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿದೆ. ಟಿಕೆಟ್ ಮಾರುವುದು ರೂಪಾಯಿಯಲ್ಲಿ, ವಿಮಾನದ ಬಾಡಿಗೆ ಕಟ್ಟುವುದು ಡಾಲರಿನಲ್ಲಿ. ಆಗಸ್ಟ್ ಕೊನೆಗೆ ಏರ್ ಡೆಕ್ಕನ್ ಹೆಸರೇ ಇಲ್ಲ, ಶ್ರೀಸಾಮಾನ್ಯ ಇಳಿದುಹೋಗಿ ಅದರ ಜಾಗಕ್ಕೆ ಕಿಂಗ್‌ಫಿಷರ್ ರೆಡ್ ಬಂದಿದೆ. ನನ್ನ ಪ್ರಕಾರ ದೊಡ್ಡ ಪೆಟ್ಟು ಬಿದ್ದದ್ದು ಇಲ್ಲಿ. ಅಗ್ಗದ ವಿಮಾನಕ್ಕೂ ದುಬಾರಿ ವಿಮಾನಕ್ಕೂ ಒಂದೇ ಹೆಸರು, ಒಂದೇ ಕೆಂಪು ಬಣ್ಣ. ಕಂಪನಿಯ ದುಡ್ಡಿನಲ್ಲಿ ಓಡಾಡುವ ಮ್ಯಾನೇಜರ್ ಕಡಿಮೆ ದರದ ಕಿಂಗ್‌ಫಿಷರನ್ನೇ ಹುಡುಕುತ್ತಾನೆ. ಪೆಟ್ರೋಲ್ ಬಂಕಿನಲ್ಲಿ ಟಿಕೆಟ್ ಕೊಂಡಿದ್ದವರಿಗೆ ಇದು ತಮ್ಮದಲ್ಲ ಅನಿಸುತ್ತದೆ. ಹ್ಯಾಂಗರಿನಲ್ಲಿ ಎಟಿಆರ್, ಎ319, ಎ320, ಎ321, ಎ330. ಒಂದೊಂದಕ್ಕೂ ಬೇರೆ ಬಿಡಿಭಾಗ, ಬೇರೆ ತರಬೇತಿ. ಅದೇ ಹೊತ್ತಿಗೆ ಇಂಡಿಗೋ ಒಂದೇ ಮಾದರಿಯ ಎ320ಗಳನ್ನು ಸಾಲಾಗಿ ಇಳಿಸಿಕೊಳ್ಳುತ್ತಿದೆ. ತಯಾರಕರಿಂದ ಕೊಂಡು, ಬಾಡಿಗೆ ಕಂಪನಿಗೆ ಮಾರಿ, ಅದರಿಂದಲೇ ಬಾಡಿಗೆಗೆ ಪಡೆದು ಹಾರಿಸುತ್ತಿದೆ. ಅದರಲ್ಲಿ ಟಿವಿಯಿಲ್ಲ, ಪುಕ್ಕಟೆ ಊಟವಿಲ್ಲ.

ಸೆಪ್ಟೆಂಬರ್ 3. ಬೆಂಗಳೂರಿನಿಂದ ಲಂಡನ್ನಿನ ಹೀಥ್ರೋಗೆ ಮೊದಲ ವಿಮಾನ ಹೊರಡುತ್ತದೆ, ಈಗ ದೇವನಹಳ್ಳಿಯಿಂದ. ಕೊಂಡ ಇಪ್ಪತ್ತೊಂದು ತಿಂಗಳು ಶುರುವಾದವು. ಹನ್ನೆರಡು ದಿನ ಕಳೆದು ನ್ಯೂಯಾರ್ಕಿನಲ್ಲಿ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಬಿಸಿನೆಸ್ ಕ್ಲಾಸ್ ಸೀಟು ಕೊಳ್ಳುವವರು ಜಗತ್ತಿನಾದ್ಯಂತ ಕೈ ಬಿಗಿಹಿಡಿದರು. ಇದು ದುರದೃಷ್ಟವಲ್ಲವೇ ಎಂದು ನೀವು ಕೇಳುತ್ತೀರಿ. ಹೌದು. ಆದರೆ ದುರದೃಷ್ಟ ಬಂದಾಗ ತಡೆದುಕೊಳ್ಳುವುದಕ್ಕೆ ಕೈಯಲ್ಲಿ ಎಷ್ಟು ಇಟ್ಟುಕೊಂಡಿದ್ದೀರಿ ಎಂಬುದು ಮೇ 31ರಂದೇ ಕೇಳಬೇಕಿದ್ದ ಪ್ರಶ್ನೆ.

ಈಗ ವಾರ್ಷಿಕ ವರದಿಗಳು ಕೈಗೆ ಬರುತ್ತವೆ. 2008-09ರ ನಷ್ಟ 1,600 ಕೋಟಿ ದಾಟಿದೆ. ಮರುವರ್ಷವೂ ಅಷ್ಟೇ. 2010-11ಕ್ಕೆ 1,027 ಕೋಟಿ. "ಸುಧಾರಿಸಿದೆ" ಎಂದು ಯಾರೋ ಹೇಳುತ್ತಾರೆ. ಮೇಡಂ ಉತ್ತರಿಸದೆ ಬೆರಳನ್ನು ನಾಲ್ಕು ಸಾಲು ಮೇಲಕ್ಕೆ ಸರಿಸುತ್ತಾರೆ. ತೆರಿಗೆಗೆ ಮುಂಚಿನ ನಷ್ಟ ಸುಮಾರು 1,500 ಕೋಟಿ. ನಡುವಿನ ವ್ಯತ್ಯಾಸ ಎಲ್ಲಿಂದ ಬಂತು? ಮುಂದೆ ಲಾಭ ಬರುತ್ತದೆ, ಆಗ ಈ ನಷ್ಟ ತೋರಿಸಿ ತೆರಿಗೆ ಉಳಿಸುತ್ತೇವೆ, ಆ ಉಳಿಯುವ ತೆರಿಗೆಯನ್ನು ಈಗಲೇ ಸ್ವತ್ತೆಂದು ಬರೆದುಕೊಳ್ಳುತ್ತೇವೆ. ಲೆಕ್ಕಶಾಸ್ತ್ರ ಇದಕ್ಕೆ ಒಪ್ಪುತ್ತದೆ, ಮುಂದೆ ಲಾಭ ಬರುವುದು ಖಚಿತವೆನ್ನುವಷ್ಟು ಪುರಾವೆ ಇದ್ದರೆ. ಒಂದು ವರ್ಷವೂ ಲಾಭ ಕಾಣದ ಕಂಪನಿಗೆ ಆ ಪುರಾವೆ ಎಲ್ಲಿಂದ ತರುತ್ತೀರಿ?

ಇನ್ನು ನಿಮ್ಮ ಕುರ್ಚಿ ಬದಲಾಗುತ್ತದೆ. ನೀವು ಸಾಲ ಕೊಟ್ಟವರು. 2011ರ ಆರಂಭ. ಸ್ಟೇಟ್ ಬ್ಯಾಂಕ್ ಮುಂದಾಳತ್ವದ ಬ್ಯಾಂಕುಗಳ ಕೂಟದಲ್ಲಿ ನಿಮಗೂ ಒಂದು ಕುರ್ಚಿಯಿದೆ. ಮೇಜಿನ ಮೇಲೆ ಪುನರ್‌ರಚನೆಯ ಪ್ರಸ್ತಾವ: ಸಾಲದ ಒಂದು ಭಾಗವನ್ನು ಷೇರಾಗಿ ಬದಲಿಸಿಕೊಳ್ಳಿ, ದರ 64 ರೂಪಾಯಿ 48 ಪೈಸೆ. ಮಾರುಕಟ್ಟೆಯಲ್ಲಿ ಅದೇ ಷೇರು 40 ರೂಪಾಯಿಯ ಆಸುಪಾಸು. ಶೇಕಡ 61.6 ಹೆಚ್ಚು.

ಕುಂದಾಪುರದ ಹುಡುಗ ಇಲ್ಲಿಗೆ ಬರುವ ಮುಂಚೆ ಬ್ಯಾಂಕಿನಲ್ಲಿದ್ದವನು. ಅವನಿಗೆ ಸುಮ್ಮನಿರಲಾಗುವುದಿಲ್ಲ. "ಮೇಡಂ, ಸೆಬಿ ನಿಯಮದಲ್ಲಿ ಹಿಂದಿನ ಆರು ತಿಂಗಳ ಸರಾಸರಿ ನೋಡ್ತಾರೆ. ಷೇರು ಬೀಳ್ತಾ ಇದ್ರೆ ಸರಾಸರಿ ಮೇಲೇ ಇರ್ತದೆ. ಬ್ಯಾಂಕ್ ತಾನಾಗಿ ಇಟ್ಟ ದರ ಅಲ್ಲ ಅದು."

"ಒಪ್ಪಿದೆ. ನಿಯಮ ದರ ಹೇಳಿತು. ಕೊಳ್ಳಲೇಬೇಕು ಅಂತಲೂ ಹೇಳಿತೇ?"

ಅವನು ಸ್ವಲ್ಪ ಹೊತ್ತು ಹಾಳೆ ನೋಡುತ್ತಾನೆ. "ಇಲ್ಲ ಮೇಡಂ. ಆದ್ರೆ ಬೇಡ ಅಂದ್ರೆ ಆ ತ್ರೈಮಾಸಿಕದಲ್ಲೇ ಸಾಲ ಎನ್‌ಪಿಎ, ಅಂದ್ರೆ ಕೆಟ್ಟ ಸಾಲ ಆಗ್ತದೆ. ಅದಕ್ಕೆ ಹಣ ತೆಗೆದಿಡಬೇಕು. ಬ್ರಾಂಚಿಂದ ಹೆಡ್ ಆಫೀಸಿನವರೆಗೆ ಎಲ್ರೂ ಉತ್ತರ ಕೊಡ್ಬೇಕು. ಪುನರ್‌ರಚನೆ ಮಾಡಿದ್ರೆ ಕಾಗದದ ಮೇಲೆ ಸಾಲ ಚೆನ್ನಾಗಿಯೇ ಉಳೀತದೆ."

ಬ್ಯಾಂಕಿನ ಕಟ್ಟಡದೊಳಗೆ ಇದ್ದು ಬಂದವನ ಮಾತು ಇದು. ಸಾಲಗಾರ ಬಿದ್ದರೆ ಇವತ್ತು ನಷ್ಟ, ಎತ್ತಿ ನಿಲ್ಲಿಸಿದರೆ ನಾಳೆಗೆ ನಷ್ಟ. ನಾಳೆ ಆ ಕುರ್ಚಿಯಲ್ಲಿ ಬೇರೆಯವರಿರುತ್ತಾರೆ. ಸರ್ಕಾರಿ ಬ್ಯಾಂಕಿನ ಈ ಮೇಜಿನಲ್ಲಿರುವುದು ಠೇವಣಿದಾರರ ಹಣ ಎಂಬುದು ಪ್ರಸ್ತಾವದ ಯಾವ ಕಾಲಂನಲ್ಲೂ ಬರೆದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಅಡಮಾನದ ಪಟ್ಟಿ ತೆಗೆಯಿರಿ. ಹಾರುತ್ತಿರುವ ವಿಮಾನಗಳಲ್ಲಿ ಬಹುಪಾಲು ಬಾಡಿಗೆಯವು, ಜಪ್ತಿ ಮಾಡಿದರೆ ಮಾಲೀಕ ಬೇರೆ. ಮುಂಬೈಯ ಕಿಂಗ್‌ಫಿಷರ್ ಹೌಸ್ ಇದೆ. ಗೋವಾದ ಬಂಗಲೆ ಇದೆ. ತಾಯಿ ಕಂಪನಿ ಯುಬಿ ಹೋಲ್ಡಿಂಗ್ಸ್‌ನ ಖಾತರಿ, ಮಲ್ಯರ ವೈಯಕ್ತಿಕ ಖಾತರಿ. ಇವೆಲ್ಲದರ ಜೊತೆಗೆ ದೊಡ್ಡದಾಗಿ ಕಾಣುವ ಒಂದು ಸಾಲು: ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಬ್ರ್ಯಾಂಡ್, ಮೌಲ್ಯ 4,000 ಕೋಟಿಗೂ ಮಿಕ್ಕಿ. ಇದು ಬಿಯರಿನ ಹೆಸರಲ್ಲ, ಅದು ಬೇರೆ ಕಂಪನಿಯದು. ವಿಮಾನದ ಹೆಸರು, ವಿಮಾನದ ಲಾಂಛನ, ವಿಮಾನದ ಘೋಷವಾಕ್ಯ. ಸಾಲ ವಸೂಲಿಗೆ ಅಡಮಾನ ಬೇಕಾಗುವುದು ವಿಮಾನ ನಿಂತ ದಿನ. ವಿಮಾನ ನಿಂತ ದಿನ ಆ ಹೆಸರಿಗೆ ಬೆಲೆ ಎಲ್ಲಿರುತ್ತದೆ?

ಮುಂದಿನದು ಬೇಗ ಬೇಗ ಸರಿಯುತ್ತದೆ. 2011ರ ಸೆಪ್ಟೆಂಬರಿನಲ್ಲಿ ಕಿಂಗ್‌ಫಿಷರ್ ರೆಡ್ ಮುಚ್ಚುವ ಘೋಷಣೆ. ಡೆಕ್ಕನ್‌ನಿಂದ ಬಂದದ್ದರಲ್ಲಿ ಉಳಿದದ್ದೂ ಹೋಯಿತು. 2011-12ರಲ್ಲಿ ನಷ್ಟ 2,300 ಕೋಟಿ ದಾಟಿತು. ಸಂಬಳವಿಲ್ಲದೆ ಇಂಜಿನಿಯರುಗಳು, ಪೈಲಟ್‌ಗಳು ಕೆಲಸ ನಿಲ್ಲಿಸಿದರು. 2012ರ ಅಕ್ಟೋಬರಿನಲ್ಲಿ ಪರವಾನಗಿ ಅಮಾನತಾಯಿತು. 2016ರ ಏಪ್ರಿಲ್‌ನಲ್ಲಿ ಆ ಬ್ರ್ಯಾಂಡ್ ಹರಾಜಿಗೆ ಬಂತು, ಮೀಸಲು ಬೆಲೆ 366.70 ಕೋಟಿ. ಒಬ್ಬರೂ ಕೂಗಲಿಲ್ಲ. ಕಿಂಗ್‌ಫಿಷರ್ ಹೌಸ್‌ಗೆ ಮೊದಲು ಕೇಳಿದ್ದು 150 ಕೋಟಿ. ಮತ್ತೆ ಮತ್ತೆ ಹರಾಜಾಗಿ 2021ರಲ್ಲಿ 52.25 ಕೋಟಿಗೆ ಹೋಯಿತು.

"ಹಾಗಾದ್ರೆ ಬ್ಯಾಂಕಿನ ಹಣ ಪೂರ್ತಿ ಮುಳುಗಿತಾ ಮೇಡಂ?" ಕುಂದಾಪುರದವನಿಗೆ ಇದು ಬೇಕಾದ ಉತ್ತರ.

ಮುಳುಗಲಿಲ್ಲ. ನೀವು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟ ಪುಟ ತೆಗೆಯಿರಿ. ತಾಯಿ ಕಂಪನಿಯ ಮತ್ತು ಮಲ್ಯರ ಆ ಎರಡು ಖಾತರಿಗಳ ಮೇಲೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರಲ್ಲಿ 6,203 ಕೋಟಿ ಮತ್ತು ಬಡ್ಡಿ ವಸೂಲಿಗೆ ಆದೇಶಿಸಿತು. ಅದೇ ವರ್ಷ ಕರ್ನಾಟಕ ಹೈಕೋರ್ಟ್ ಯುಬಿ ಹೋಲ್ಡಿಂಗ್ಸನ್ನು ಮುಚ್ಚಲು ಹೇಳಿತು. 2021ರ ಜೂನ್‌ನಲ್ಲಿ ಮಲ್ಯರ ಕಡೆಯವರ ಬಳಿಯಿದ್ದ, ಬಿಯರ್ ತಯಾರಿಸುವ ಯುನೈಟೆಡ್ ಬ್ರೂವರೀಸ್‌ನ ಷೇರುಗಳು ಮಾರಾಟವಾಗಿ 5,800 ಕೋಟಿಗೂ ಹೆಚ್ಚು ಬಂತು. ಕೊಂಡದ್ದು ಹೈನೆಕೆನ್. ಸಾಲ ತೀರಿಸಿದ್ದು ಎರಡು ವಿಮಾನಗಳಲ್ಲಿ ಯಾವುದೂ ಅಲ್ಲ, ದಿನಾ ಮಾರಾಟವಾಗಿ ದಿನಾ ದುಡ್ಡು ತರುತ್ತಿದ್ದ ಬಿಯರು.

ಹುಬ್ಬಳ್ಳಿಯ ಹುಡುಗಿ ಇನ್ನೂ ಕೂತಿಲ್ಲ. "ಸಂಬಳ ಬಾಕಿ ಇದ್ದವರದು?" ಎಂದು ಕೇಳುತ್ತಾಳೆ. ಅವರಿಗೆ ಯಾರ ಖಾತರಿಯೂ ಇರಲಿಲ್ಲ, ಯಾವ ಅಡಮಾನವೂ ಇರಲಿಲ್ಲ, ವರ್ಷಗಟ್ಟಲೆ ಕಾದರು. ಮೇಡಂ ಬೋರ್ಡಿನ ಬಲಭಾಗದಲ್ಲಿ ಹೊಸ ಕಾಲಂ ಎಳೆದು ಚಾಕ್‌ಪೀಸನ್ನು ಅವಳ ಕೈಗೆ ಕೊಡುತ್ತಾರೆ. 2012ರ ವಾರ್ಷಿಕ ವರದಿಯಲ್ಲಿ ಆ ಬಾಕಿಯನ್ನು ಯಾವ ಪುಟದಲ್ಲಿ, ಯಾವ ಶೀರ್ಷಿಕೆಯಡಿ ಹುಡುಕಬೇಕೆಂದು ತರಗತಿ ಈಗ ಗಟ್ಟಿಯಾಗಿ ವಾದಿಸುತ್ತಿದೆ.