ಮಲಗಿದ ದಿನಗಳ ಕೂಲಿ

ಶನಿವಾರ ಎಂದರೆ ಬಟವಾಡೆ. ವಾರದ ಕೂಲಿಯನ್ನು ಎಣಿಸಿ ಕೈಗೆ ಕೊಡುತ್ತಿದ್ದ ದಿನ. 1980ರ ಆಸುಪಾಸಿನಲ್ಲಿ ನಾನು ನನ್ನ ಊರು ಶಿರ್ತಾಡಿ ಬಿಟ್ಟು ಮಂಗಳೂರಿನ ಒಂದು ಗೇರುಬೀಜದ ಫ್ಯಾಕ್ಟರಿಗೆ ರೈಟರ್ ಆಗಿ ಸೇರಿದ್ದೆ. ಬೀಜ ಒಡೆಯುವ ಹೆಂಗಸರು ಸಾಲಾಗಿ ಬಂದು ನನ್ನ ಮೇಜಿನ ಮೇಲಿನ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು. ಸಿಪ್ಪೆಯ ಸೊನೆ ತಾಗಿ ತಾಗಿ ಅವರ ಬೆರಳ ತುದಿ ಸುಟ್ಟು ಕಪ್ಪಾಗಿ, ಗೆರೆಗಳೇ ಅಳಿಸಿಹೋಗಿರುತ್ತಿದ್ದವು. ಎಷ್ಟು ಒತ್ತಿದರೂ ಕಾಗದದ ಮೇಲೆ ಬೀಳುತ್ತಿದ್ದುದು ನೀಲಿ ಮಸಿಯ ಒಂದು ಮಚ್ಚೆ ಅಷ್ಟೆ. ಹುರಿದ ಬೀಜದ ಆ ಖಾರ ಹೊಗೆ ಅವರ ಸೀರೆಗೂ ನಾನು ಕೊಡುತ್ತಿದ್ದ ನೋಟಿಗೂ ಹತ್ತಿಕೊಂಡಿರುತ್ತಿತ್ತು. ವಾರಕ್ಕೆ ಐವತ್ತು ರೂಪಾಯಿ ದಾಟಿದರೆ ಅದು ಒಳ್ಳೆಯ ವಾರ.

ಆ ಕೂಲಿಯಿಂದ ಇ.ಎಸ್.ಐ., ಅಂದರೆ ಕಾರ್ಮಿಕರ ರಾಜ್ಯ ವಿಮೆಯ ಹಣ ಮುರಿಯುವ ಕೆಲಸವೂ ನನ್ನದೇ. "ರೈಟ್ರೇ, ನನಗೆ ಜ್ವರವೇ ಬಾರದಿದ್ದರೆ ಈ ದುಡ್ಡು ವಾಪಸು ಉಂಟಾ?" ಎಂದು ಒಬ್ಬ ಹಿರಿಯಾಕೆ ಕೇಳಿದರು. ನಾನು ಹುರುಪಿನ ಹುಡುಗ. 1948ರಲ್ಲಿ ಕಾಯಿದೆ ಆದದ್ದು, 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಶುರುವಾದದ್ದು, ಎಲ್ಲವನ್ನೂ ನಿಂತ ನಿಲುವಿನಲ್ಲಿ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ, ಮಲಗಿದರೆ ಅಕ್ಕಿಗೆ ಎಷ್ಟು ಸಿಗುತ್ತದೆ, ಅದು ಹೇಳಿ" ಎಂದರು. ಸುಮಾರು ಅರ್ಧ ಕೂಲಿ ಎಂದೆ. "ಅರ್ಧವಾದರೂ ಆಯಿತು" ಎಂದು ಸೆರಗಿನ ತುದಿಗೆ ಚಿಲ್ಲರೆ ಕಟ್ಟಿಕೊಂಡು ಹೋದರು.

ಅದೇ ಫ್ಯಾಕ್ಟರಿಯಲ್ಲಿ ನಮ್ಮ ಊರ ಕಡೆಯಿಂದ ಮದುವೆಯಾಗಿ ಬಂದ ಒಬ್ಬಾಕೆ ಇದ್ದರು. ಅವರಿಗೆ ಟೈಫಾಯ್ಡ್ ಬಂದು ತಿಂಗಳು ಮಲಗಿದಾಗ ಔಷಧವೂ ಸಿಕ್ಕಿತು, ಅರ್ಧ ಕೂಲಿಯೂ ಬಂತು. ಅವರ ತಂಗಿ ಶಿರ್ತಾಡಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಮರುವರ್ಷ ಅವಳಿಗೆ ಕಾಮಾಲೆ ಬಂತು. ಬೀಡಿಯವರಿಗೆ 1977ರಿಂದ ಪಿ.ಎಫ್. ಇತ್ತು, 1976ರ ಕಲ್ಯಾಣ ನಿಧಿಯ ಕಾಯಿದೆಯೂ ಇತ್ತು. ಆದರೆ ಮನೆಯ ಜಗಲಿಯಲ್ಲಿ ಕೂತು ಕಟ್ಟುವವರಿಗೆ ಕಟ್ಟಿದ ಸಾವಿರಕ್ಕೆ ಇಷ್ಟು ಎಂದು ಮಜೂರಿ. ಕಟ್ಟದ ದಿನಕ್ಕೆ ಏನೂ ಇಲ್ಲ. ನಾನು ಊರಿಗೆ ಹೋದಾಗ ಅವಳು ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸೂಪು, ಕತ್ತರಿ, ನೂಲಿನ ಉಂಡೆ ಮೂಲೆಯಲ್ಲಿದ್ದವು, ಒದ್ದೆ ಮಾಡಿದ ಎಲೆ ಬಾಡಿಹೋಗಿತ್ತು. ಬೀಡಿ ಬ್ರ್ಯಾಂಚಿನಲ್ಲಿ ಹೆಸರು ತಪ್ಪಿಹೋಗಬಾರದೆಂದು ನೆರೆಮನೆಯ ಹುಡುಗಿಯರು ರಾತ್ರಿ ಚಿಮಿಣಿ ದೀಪದ ಬೆಳಕಿನಲ್ಲಿ ತಮ್ಮ ಪಾಲು ಮುಗಿಸಿ, ಅವಳ ಪುಸ್ತಕಕ್ಕೂ ಒಂದಿಷ್ಟು ಕಟ್ಟಿ ಕೊಡುತ್ತಿದ್ದರು. ನಾನು ಕಣ್ಣಾರೆ ಕಂಡ ಮೊದಲ ಪೂರಕ ವಿಮೆ ಅದು. ಅದಕ್ಕೆ ಕಂತೂ ಇರಲಿಲ್ಲ, ಪಾಲಿಸಿಯೂ ಇರಲಿಲ್ಲ.

ಮೂರ್ತೆ ಮಾಡುವವರ, ಅಂದರೆ ಕಳ್ಳು ಇಳಿಸುವವರ ಕಷ್ಟ ಇನ್ನೂ ದೊಡ್ಡದು. ನಮ್ಮ ಮನೆಯ ಹಿಂದಿನ ಗುಡ್ಡೆಯ ತಾಳೆಮರದಿಂದ ಒಬ್ಬರು ಮಳೆಗಾಲದಲ್ಲಿ ಜಾರಿ ಬಿದ್ದರು. ಸೊಂಟದ ಸೋರೆಬುರುಡೆ ಒಡೆದು ಕಳ್ಳು ಚೆಲ್ಲಿತು, ತೊಡೆಯ ಎಲುಬು ಮುರಿಯಿತು. ಬಿದಿರಿನ ದಬ್ಬೆ ಕಟ್ಟಿ ಎಣ್ಣೆ ಹೊಯ್ಯುವ ನಾಟಿ ವೈದ್ಯರ ಮನೆಯ ಆ ಕಮಟು ವಾಸನೆ ಇನ್ನೂ ಮೂಗಿನಲ್ಲಿದೆ. ನಾಲ್ಕು ತಿಂಗಳು ಅವರು ಏಳಲಿಲ್ಲ. ಮೊದಲು ತಾಮ್ರದ ಹಂಡೆ ಅಡವು ಹೋಯಿತು, ಆಮೇಲೆ ಕಂಚಿನ ಗಿಂಡಿ, ಕೊನೆಗೆ ಹಾಲು ಕೊಡುವ ದನ. ಎಲುಬು ಚೆನ್ನಾಗಿಯೇ ಕೂಡಿತು, ಅವರು ಮತ್ತೆ ಮರ ಹತ್ತಿದರು. ದನ ಮಾತ್ರ ಹಿಂದಕ್ಕೆ ಬರಲಿಲ್ಲ.

ನಾನು ಇದನ್ನು ಫ್ಯಾಕ್ಟರಿಯ ಧನಿಗಳ ಹತ್ತಿರ ಹೇಳಿದ್ದೆ. ಅವರು ಒಬ್ಬ ಇನ್ಶೂರೆನ್ಸಿನವರನ್ನು ಕರೆಸಿದರು. ಇ.ಎಸ್.ಐ. ಎಲ್ಲರಿಗೂ ಕಡ್ಡಾಯ, ಅವರು ತಂದ ವಿಮೆ ಹಾಗಲ್ಲ, ಬೇಕಾದವರು ಮಾತ್ರ ಹೆಸರು ಕೊಡಬೇಕು, ಕಂತನ್ನು ಬಟವಾಡೆಯಲ್ಲಿ ಮುರಿಯುವುದು. ಅಪಘಾತ ವಿಮೆಯಲ್ಲಿ ಎರಡು ಬಗೆ ಇತ್ತು. ಅಗ್ಗದ್ದರಲ್ಲಿ ಸತ್ತರೆ, ಕೈಕಾಲು ಅಥವಾ ಕಣ್ಣು ಹೋದರೆ ಹಣ. ತುಸು ಹೆಚ್ಚು ಕಂತಿನದರಲ್ಲಿ, ಪೆಟ್ಟಾಗಿ ಕೆಲಸಕ್ಕೆ ಬರಲಾಗದ ವಾರಗಳಿಗೂ ವಿಮೆಯ ಮೊತ್ತದ ನೂರಕ್ಕೆ ಒಂದರಂತೆ, ಹೆಚ್ಚೆಂದರೆ ನೂರು ವಾರ. ಅಂದರೆ ಐದು ಸಾವಿರದ ಪಾಲಿಸಿಗೆ ವಾರಕ್ಕೆ ಐವತ್ತು ರೂಪಾಯಿ. ಬಹಳ ಜನ ಅಗ್ಗದ್ದನ್ನೇ ಹಿಡಿದರು. "ಸಾಯುವ ಮಾತು ಬಾಯಲ್ಲಿ ತೆಗೆಯಬೇಡಿ" ಎಂದು ಎದ್ದು ಹೋದವರೂ ಇದ್ದರು. ಬಾಯ್ಲರಿನ ಹತ್ತಿರ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಮಾತ್ರ ವಾರದ ಹಣ ಬರುವುದನ್ನು ತೆಗೆದುಕೊಂಡ. ಆಟಿ ತಿಂಗಳ ಮಳೆಗೆ ಮನೆಯಂಗಳದಲ್ಲಿ ಜಾರಿ ಅವನ ಮಣಿಕಟ್ಟು ಮುರಿಯಿತು. ಆರು ವಾರಕ್ಕೆ ಮುನ್ನೂರು ರೂಪಾಯಿ ಬಂತು. ಅವನ ತಾಯಿ ಆ ಹಣದಲ್ಲಿ ಮೊದಲು ಜಿನಸಿನಂಗಡಿಯ ಬಾಕಿ ತೀರಿಸಿದರು, ನನಗೊಂದು ಹಲಸಿನ ಹಣ್ಣು ಕಳಿಸಿದರು. ಮರುವರ್ಷ ಹೆಸರು ಕೊಡುವವರ ಸಾಲು ಮೇಜಿನಿಂದ ಬಾಗಿಲವರೆಗೆ ಬಂತು.

ಊರಿಗೆ ಮರಳಿದ ಮೇಲೆ ಕಾಲ ಬದಲಾಗುವುದನ್ನು ಹತ್ತಿರದಿಂದ ನೋಡಿದೆ. 2003ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಬಂತು. ಅದರ ಹಿಂದೆ ಇದ್ದವರು ನಮ್ಮದೇ ಕಿನ್ನಿಗೋಳಿಯ ಡಾ. ದೇವಿ ಶೆಟ್ಟಿ. ಸಹಕಾರಿ ಸಂಘದ ಸದಸ್ಯರಿಗೆ ವರ್ಷಕ್ಕೆ ತಲಾ 60 ರೂಪಾಯಿ. ನಮ್ಮ ತೋಟದ ಅಡಿಕೆ ಕೊಯ್ಯುವವರಿಗೆ ಹರ್ನಿಯಾ ಆಪರೇಷನ್ ಅದರಲ್ಲೇ ಆಯಿತು, ಒಂದು ಪೈಸೆ ಖರ್ಚಿಲ್ಲ. ಬಿಡುಗಡೆಯ ದಿನ ಡಾಕ್ಟರು, ಮೂರು ತಿಂಗಳು ಮರ ಹತ್ತಬಾರದು, ಭಾರ ಎತ್ತಬಾರದು ಎಂದರು. ಆ ಮೂರು ತಿಂಗಳ ಗಂಜಿಗೆ ಯಶಸ್ವಿನಿಯಲ್ಲಿ ಜಾಗ ಇರಲಿಲ್ಲ. ಅದು 2018ರಲ್ಲಿ ನಿಂತು, ಕೆಲವು ವರ್ಷದ ಮೇಲೆ ಮತ್ತೆ ಶುರುವಾಯಿತು. ಈಗಲೂ ಅದು ಆಸ್ಪತ್ರೆಯ ಬಾಗಿಲವರೆಗಿನ ನೆರವೇ. 2004ರಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಸಂಪೂರ್ಣ ಸುರಕ್ಷಾ ತಂದಾಗ ಹೆರಿಗೆಗೂ ವಿಶ್ರಾಂತಿಗೂ ಭತ್ಯೆ ಎಂದು ಸೇರಿಸಿದ್ದರು. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಅದನ್ನು ಕೇಳಿದಾಗ ನನಗೆ ಬಹಳ ಸಂತೋಷವಾಗಿತ್ತು. ಮಲಗಿದವರ ಮನೆಯ ಒಲೆಯ ನೆನಪು ಯಾರಿಗೋ ಆಗಿದೆ ಅನಿಸಿತು.

2015ರಲ್ಲಿ ಬ್ಯಾಂಕಿನಲ್ಲಿ ವರ್ಷಕ್ಕೆ 12 ರೂಪಾಯಿಯ ಸುರಕ್ಷಾ ಬಿಮಾ ಶುರುವಾಯಿತು, ಈಗ 20 ರೂಪಾಯಿ. ನಾನೇ ಓಣಿಯ ಎಷ್ಟೋ ಜನರಿಗೆ ಫಾರಮು ತುಂಬಿಸಿ ಕೊಟ್ಟಿದ್ದೇನೆ, ಬಿಡಬಾರದ ಯೋಜನೆ ಅದು. ಅಪಘಾತದಲ್ಲಿ ಸತ್ತರೆ ಎರಡು ಲಕ್ಷ, ಒಂದು ಕೈಯೋ ಕಾಲೋ ಹೋದರೆ ಒಂದು ಲಕ್ಷ. ಆದರೆ ಮುರಿದ ಕಾಲು ಕೂಡಿಕೊಂಡರೆ ಏನೂ ಇಲ್ಲ. ನಮ್ಮ ಊರಿನಲ್ಲಿ ಕಾಲು ಕಳೆದುಕೊಂಡವರಿಗಿಂತ ಕಾಲು ಮುರಿದು ಎದ್ದವರೇ ಹೆಚ್ಚು. ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಈ ಮಟ್ಟಿಗೆ ಬೇರೆ. ಕಂತಿನ ಬಹುಪಾಲನ್ನು ಮಂಡಳಿ ಹಾಕುತ್ತದೆ, ಹತ್ತುವವನದು ಸಣ್ಣ ಪಾಲು, ಬಿದ್ದು ಮಲಗಿದರೆ ಗರಿಷ್ಠ ಆರು ವಾರ ಪರಿಹಾರ. ಈಗ ನಮ್ಮ ತೋಟಕ್ಕೆ ಬರುವ ಹುಡುಗ ಯಂತ್ರ ಕಟ್ಟಿ ತೆಂಗಿನ ಮರ ಹತ್ತುತ್ತಾನೆ. ಆ ವಿಮೆ ಮಾಡಿಸಿದ ಮೇಲೆಯೇ ಅವನನ್ನು ಮರಕ್ಕೆ ಹತ್ತಿಸಿದೆ. ಇ.ಎಸ್.ಐ.ಯೂ ಮೊದಲಿನಂತಿಲ್ಲ. ಕಾಯಿಲೆಗೆ ವರ್ಷದಲ್ಲಿ 91 ದಿನದವರೆಗೆ ಕೂಲಿಯ ನೂರಕ್ಕೆ 70, ಕೆಲಸದಲ್ಲಿ ಪೆಟ್ಟಾದರೆ ನೂರಕ್ಕೆ 90, ಹೆರಿಗೆಗೆ 26 ವಾರ ಪೂರ್ತಿ ಕೂಲಿ. ಸೆರಗಿಗೆ ಚಿಲ್ಲರೆ ಕಟ್ಟಿಕೊಂಡು ಹೋದ ಆ ಹಿರಿಯಾಕೆ ಇದನ್ನು ಕೇಳಬೇಕಿತ್ತು.

ಕಳೆದ ನವೆಂಬರಿನಲ್ಲಿ ತಮ್ಮನ ಮೊಮ್ಮಗಳು ಟೆಕ್ಸಾಸಿನಿಂದ ಫೋನ್ ಮಾಡಿದ್ದಳು. ಕಂಪನಿಯವರು ವಿಮೆಗಳ ಪಟ್ಟಿ ಕಳಿಸಿದ್ದಾರೆ ಅಜ್ಜ, ಬೇಕಾದ್ದಕ್ಕೆ ಗುರುತು ಹಾಕಿದರೆ ಸಂಬಳದಿಂದ ಮುರಿದುಕೊಳ್ಳುತ್ತಾರೆ ಎಂದಳು. ಆ ದೇಶದಲ್ಲಿ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಂಥ ಕೆಲವು ರಾಜ್ಯಗಳಲ್ಲಿ ಮಲಗಿದ ದಿನಗಳಿಗೆ ಹಣ ಕೊಡುವ ಕಾನೂನು 1940ರ ದಶಕದಿಂದಲೇ ಇದೆ. ಟೆಕ್ಸಾಸಿನಲ್ಲಿ ಇಲ್ಲ, ತಾನಾಗಿ ಕೊಳ್ಳಬೇಕು. ಅವಳು ಅಪಘಾತದ್ದಕ್ಕೂ ಜೀವವಿಮೆಗೂ ಗುರುತು ಹಾಕಿ, ಸಂಬಳ ನಿಂತಾಗ ವಾರವಾರ ಹಣ ಕೊಡುವುದನ್ನು ಬಿಟ್ಟಿದ್ದಳು. ಮದುವೆಯಾಗಿ ವರ್ಷ ಆಗಿತ್ತು. ಹೆರಿಗೆ ಅದರಲ್ಲಿ ಸೇರುತ್ತದೋ, ಬಸುರಾಗುವ ಮೊದಲೇ ಸೇರಬೇಕೋ, ಎಷ್ಟು ದಿನ ಕಾಯಿಸಿ ಎಷ್ಟು ವಾರ ಕೊಡುತ್ತಾರೋ ಓದಿ ಹೇಳು ಎಂದೆ. ಓದಿದಳು. ಹೆರಿಗೆ ಸೇರುತ್ತದೆ, ಸಹಜವಾದರೆ ಆರು ವಾರ, ಸಿಸೇರಿಯನ್ ಆದರೆ ಎಂಟು, ಮೊದಲ ಏಳು ದಿನಕ್ಕೆ ಇಲ್ಲ, ಬಸುರಾದ ಮೇಲೆ ಸೇರಿದರೆ ಆ ಹೆರಿಗೆಗೆ ಸಿಗುವುದಿಲ್ಲ. ಕಂತು ಎಷ್ಟು ಎಂದು ಕೇಳಿದೆ. ತಿಂಗಳಿಗೆ ಎರಡು ಸಲ ಕಾಫಿ ಕುಡಿದಷ್ಟು ಎಂದಳು. ಇವತ್ತೇ ಗುರುತು ಹಾಕು ಎಂದೆ.