ಬದಲಿ ನಳಿಗೆ

ಕಾಸರಗೋಡಿನ ಅಡಿಕೆ ತೋಟಗಳ ನಡುವೆ ಬೆಳೆದವರಿಗೆ ಕೋವಿ ಎಂದರೆ ನಳಿಗೆ, ನಳಿಗೆ ಎಂದರೆ ಕೋವಿ. ಮರದ ಹಿಡಿಗೂ ಆ ಉದ್ದನೆಯ ಕಬ್ಬಿಣಕ್ಕೂ ಇರುವುದು ಜನ್ಮದ ನಂಟು. ನಳಿಗೆ ತುಕ್ಕು ತಿಂದರೆ ಕೋವಿಯೇ ಹೋಯಿತೆಂದು ಲೆಕ್ಕ. ಆದ್ದರಿಂದ ಒಂದೇ ಕೋವಿಗೆ ಎರಡು ಮೂರು ನಳಿಗೆಗಳನ್ನು ಇಟ್ಟುಕೊಂಡು, ಬೇಕೆಂದಾಗ ಬೇಕಾದುದನ್ನು ಜೋಡಿಸಿಕೊಳ್ಳುವ ಪದ್ಧತಿ ಜರ್ಮನಿಯಲ್ಲಿದೆ ಎಂದು ಊರಿಗೆ ಫೋನಿನಲ್ಲಿ ತಿಳಿಸಿದಾಗ ಅಪ್ಪ ಕೇಳಿದ್ದು ಇಷ್ಟೇ: "ಎರಡು ನಳಿಗೆ ಯಾಕೆ ಮಾರಾಯ, ಹೊಡೆಯುವವ ಒಬ್ಬನೇ ಅಲ್ಲವಾ?"

ಹೊಡೆಯುವವನು ಒಬ್ಬನೇ, ನಿಜ. ಆದರೆ ಎದುರಿಗೆ ಬರುವ ಪ್ರಾಣಿ, ಅದರ ದೂರ, ಕಾಡಿನ ಸ್ವರೂಪ, ಋತು ಇವು ಒಂದೇ ಅಲ್ಲ. ಸಾಮಾನ್ಯ ರೈಫಲ್‌ನಲ್ಲಿ ನಳಿಗೆಯನ್ನು ಲೋಹದ ಚೌಕಟ್ಟಿಗೆ ಬಲವಾಗಿ ತಿರುಪಿ ಕೂರಿಸಿರುತ್ತಾರೆ. ಅದನ್ನು ಬಿಚ್ಚಿ ಬೇರೊಂದನ್ನು ಹಾಕಲು ಕಸಬುದಾರನೇ ಬೇಕು. ನನ್ನಲ್ಲಿರುವ ಬ್ಲಾಸರ್ ಆರ್-8 ಹಾಗಲ್ಲ. ದಕ್ಷಿಣ ಜರ್ಮನಿಯ ಇಸ್ನಿ ಎಂಬ ಪುಟ್ಟ ಪಟ್ಟಣದ ಕಂಪೆನಿ 2008ರಲ್ಲಿ ಹೊರತಂದ ಮಾದರಿ ಅದು. ಮುಂಗೈ ಹಿಡಿಯುವ ಮರದ ಅಡಿಯಲ್ಲಿ ಎರಡು ತಿರುಪುಗಳಿವೆ. ಒಂದು ಕೀಲಿಯಿಂದ ಅವನ್ನು ಸಡಿಲಿಸಿದರೆ ನಳಿಗೆ ಕೈಗೆ ಬರುತ್ತದೆ. ಬೋಲ್ಟಿನ ತಲೆ ನೇರವಾಗಿ ನಳಿಗೆಯ ಹಿಂತುದಿಯೊಳಗೇ ಕಚ್ಚಿಕೊಳ್ಳುವುದರಿಂದ ಸ್ಫೋಟದ ಒತ್ತಡವೆಲ್ಲ ಅವೆರಡರ ನಡುವೆಯೇ ತೀರುತ್ತದೆ. ಗುರಿನೋಡುವ ದುರ್ಬೀನೂ ನಳಿಗೆಯ ಮೇಲೆಯೇ ಕೂರುತ್ತದೆ. ಹೀಗಾಗಿ ಬಿಚ್ಚಿ ಜೋಡಿಸಿದ ಮೇಲೂ ಗುರಿ ಮೊದಲಿದ್ದಲ್ಲಿಗೇ ಬರುತ್ತದೆ. ಯಂತ್ರದ ಕೆಲಸದಲ್ಲೇ ಬದುಕು ಸವೆಸುತ್ತಿರುವ ನನಗೆ ಇದರ ಜಾಣತನ ಬಹಳ ಹಿಡಿಸಿತು.

ನಾನದನ್ನು ಹೊಸದಾಗಿ ಕೊಂಡವನಲ್ಲ. ಮೊಣಕಾಲು ನೋವಿನಿಂದ ಬೇಟೆ ಬಿಟ್ಟ ಹಿರಿಯರೊಬ್ಬರಿಂದ ಕೊಂಡದ್ದು. ಅವರು ಆಲ್ಪ್ಸ್ ಪರ್ವತದ ಕಡಿದಾದ ಬಂಡೆಗಳಲ್ಲಿ ಕಾಡಾಡುಗಳನ್ನು ಅರಸಿದವರು. ಕಣಿವೆಯ ಈಚೆಯಿಂದ ಆಚೆಗೆ ಗುಂಡು ಮುಟ್ಟಬೇಕಾದ ಬೇಟೆ ಅದು. ಅದಕ್ಕೆ ತಕ್ಕಂತೆ ಅವರ ನಳಿಗೆ .300 ವಿಂಚೆಸ್ಟರ್ ಮ್ಯಾಗ್ನಂ ತೋಟೆಯದು, ಸುಮಾರು 65 ಸೆಂಟಿಮೀಟರ್ ಉದ್ದದ್ದು. ಬಂದೂಕಿನಂಗಡಿಯವನು ಅದರೊಳಗೆ ಸಣ್ಣ ಕ್ಯಾಮೆರಾ ತೂರಿಸಿ ಪರದೆಯ ಮೇಲೆ ತೋರಿಸಿದ. ತೋಟೆ ಕೂರುವ ಜಾಗದ ಮುಂದೆ, ಸುರುಳಿಗೆರೆಗಳು ಆರಂಭವಾಗುವಲ್ಲಿ, ಉಕ್ಕು ಬೇಸಿಗೆಯ ಗದ್ದೆಯಂತೆ ಬಿರುಕು ಬಿಟ್ಟಿತ್ತು. ಮದ್ದಿನ ಉರಿಯೂ ಬಿಸಿಗಾಳಿಯೂ ವರ್ಷಗಟ್ಟಲೆ ನೆಕ್ಕಿದ ಗುರುತು ಅದು. ದೊಡ್ಡ ತೋಟೆಯಲ್ಲಿ ಮದ್ದು ಹೆಚ್ಚು. ಮದ್ದು ಹೆಚ್ಚಾದಷ್ಟೂ ನಳಿಗೆಯ ಆಯುಸ್ಸು ಕಡಿಮೆ. ಬೆಲೆ ಇಳಿಸಿಕೊಟ್ಟ ಹಿರಿಯರು ಇದನ್ನು ಮೊದಲೇ ಹೇಳಿದ್ದರು: "ಹಿಡಿಯನ್ನೂ ಬೋಲ್ಟನ್ನೂ ಕೊಂಡೆ ಎಂದುಕೊಳ್ಳಿ. ನಳಿಗೆ ನಿಮ್ಮದೇ ಆಗಲಿ."

ಓದುಗರಲ್ಲಿ ಹಲವರಿಗೆ ಬೇಟೆಯ ಮಾತೇ ಹಿತವಾಗದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ಬಾಗಿಲನ್ನು ಮುಚ್ಚಿತು. ಮುಚ್ಚಿದ್ದು ಸರಿ ಎಂದೇ ನನ್ನ ಭಾವನೆ. ಆದರೆ ಜರ್ಮನಿಯಲ್ಲಿ ಹುಲಿಯಿಲ್ಲ, ಚಿರತೆಯಿಲ್ಲ, ಕಾಡುಹಂದಿಯೋ ಬೇಕಾದಷ್ಟಿದೆ. ಒಂದು ರಾತ್ರಿಯಲ್ಲಿ ಮೆಕ್ಕೆಜೋಳದ ಹೊಲವನ್ನು ಉತ್ತಂತೆ ಮಾಡಿ ಹೋಗುತ್ತದೆ. ಬೇಟೆಯ ಹಕ್ಕನ್ನು ಗುತ್ತಿಗೆ ಹಿಡಿದವರು ರೈತನಿಗಾದ ಬೆಳೆನಷ್ಟವನ್ನು ಕೈಯಿಂದ ತುಂಬಿಕೊಡಬೇಕಾಗುತ್ತದೆ. 2020ರಲ್ಲಿ ಆಫ್ರಿಕನ್ ಹಂದಿಜ್ವರ ಪೂರ್ವದ ಗಡಿಯಿಂದ ಒಳನುಗ್ಗಿದ ಮೇಲಂತೂ ಹಂದಿಯ ಸಂಖ್ಯೆಯನ್ನು ತಗ್ಗಿಸುವುದು ಸರಕಾರದ್ದೇ ಒತ್ತಾಯವಾಗಿದೆ. ಪರವಾನಗಿಗೆ ಕಠಿಣ ಪರೀಕ್ಷೆಯಿದೆ. ಪ್ರಾಣಿಶಾಸ್ತ್ರ, ಕಾನೂನು, ಮಾಂಸದ ಶುಚಿತ್ವ, ನಾಯಿಗಳ ಪಾಲನೆ, ಗುರಿ ಎಲ್ಲವನ್ನೂ ಒಳಗೊಂಡ ಅದನ್ನು ಜನ 'ಹಸಿರು ಮೆಟ್ರಿಕ್' ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ.

ಹೊಸ ನಳಿಗೆ ಬೇಕೆಂದು ನಿಶ್ಚಯವಾದೊಡನೆ ಎದುರಾದದ್ದು ಕ್ಯಾಲಿಬರ್ ಎಂಬ ಗೊಂದಲ. ಹಳೆಯ ಕ್ಯಾಲಿಬರನ್ನೇ ಮತ್ತೆ ಕೊಳ್ಳಬೇಕೆಂದಿಲ್ಲ. ಬೋಲ್ಟಿನ ತಲೆಯೂ ಮ್ಯಾಗಜಿನ್ನಿನ ಒಳಗೂಡೂ ಬದಲಾದರೆ ಬೇರೆ ತೋಟೆಯೂ ಆಗುತ್ತದೆ. ಮ್ಯಾಗ್ನಂ ತೋಟೆಯ ಬುಡ ಹದಿಮೂರೂವರೆ ಮಿಲಿಮೀಟರ್, ಸಾಧಾರಣ ತೋಟೆಯದು ಹನ್ನೆರಡು. ಬದಲಾವಣೆಯೆಂದರೆ ಮೇಲೊಂದಷ್ಟು ಖರ್ಚು, ಅಷ್ಟೆ. ಕಾನೂನನ್ನು ಕೇಳಿದರೆ ಅದು ಹೆಚ್ಚು ಹೇಳುವುದಿಲ್ಲ. ಸಣ್ಣ ಜಾತಿಯ ರೋ ಜಿಂಕೆಗಾದರೆ ನೂರು ಮೀಟರಿನಲ್ಲಿ ಗುಂಡಿಗೆ 1,000 ಜೂಲ್ ಶಕ್ತಿ ಉಳಿದಿರಬೇಕು. ಹಂದಿ, ಕೆಂಪು ಜಿಂಕೆ ಮೊದಲಾದ ದೊಡ್ಡ ಗೊರಸಿನ ಪ್ರಾಣಿಗಳಿಗಾದರೆ ಕನಿಷ್ಠ 6.5 ಮಿಲಿಮೀಟರ್ ವ್ಯಾಸವೂ 2,000 ಜೂಲ್ ಶಕ್ತಿಯೂ ಇರಬೇಕು. ಈಗಿನ ಕಾಲದ ತೋಟೆಗಳಲ್ಲಿ ಹತ್ತಾರು ಈ ಹೊಸ್ತಿಲನ್ನು ಸಲೀಸಾಗಿ ದಾಟುತ್ತವೆ.

ಕಾನೂನು ಸುಮ್ಮನಾದಲ್ಲಿ ಗೆಳೆಯರು ಮಾತಾಡತೊಡಗಿದರು. ಒಬ್ಬರಿಗೆ 9.3×62 ಬಿಟ್ಟರೆ ಬೇರೆ ತೋಟೆಯೇ ಇಲ್ಲ. ಬರ್ಲಿನ್ನಿನ ಓಟೋ ಬಾಕ್ ಎಂಬ ಬಂದೂಕು ಕುಶಲಿ 1905ರಲ್ಲಿ ಆಫ್ರಿಕಾಕ್ಕೆ ಹೋಗುವವರಿಗೆಂದು ರೂಪಿಸಿದ ತೋಟೆ ಅದು. ಹದಿನೆಂಟೂವರೆ ಗ್ರಾಮಿನ ಗುಂಡು, ನಿಧಾನದ ಆದರೆ ಭಾರದ ಏಟು. ಹಂದಿ ನಿಂತಲ್ಲೇ ಬೀಳುತ್ತದೆ ಎಂಬುದು ಅವರ ವಾದ. ಕಿರಿಯನೊಬ್ಬನಿಗೆ 6.5 ಕ್ರೀಡ್‌ಮೂರ್, 2007ರಲ್ಲಿ ಅಮೆರಿಕದಲ್ಲಿ ಗುರಿಸ್ಪರ್ಧೆಗಾಗಿ ಹುಟ್ಟಿದ ಮೃದು ಸ್ವಭಾವದ ತೋಟೆ, ಭುಜಕ್ಕೆ ನೋವಿಲ್ಲ. ಮತ್ತೊಬ್ಬರು .30-06 ಬಿಟ್ಟು ಕದಲರು. ಅದು 1906ರ ಹಳೆಯ ಸೇನಾ ತೋಟೆ. ಅದೇ ವ್ಯಾಸದ ಗುಂಡನ್ನು ಗಿಡ್ಡ ಕವಚದಲ್ಲಿ ಕೂರಿಸಿ 1952ರಲ್ಲಿ ಬಂದ .308 ವಿಂಚೆಸ್ಟರ್‌ನ ಪರವಾಗಿ ಮಾತ್ರ ಯಾರೂ ವಾದಿಸಲಿಲ್ಲ. ಎಲ್ಲರ ಕಪಾಟಿನಲ್ಲೂ ಅದೊಂದು ಇದ್ದೇ ಇತ್ತು. ಹೊಗಳುವವರು ಯಾರೂ ಇರಲಿಲ್ಲ. ಇಡ್ಲಿಯನ್ನು ಯಾರು ಹೊಗಳುತ್ತಾರೆ?

ನನಗೆ ನೆನಪಾದದ್ದು ನಮ್ಮ ಕಡೆಯ ಕಥೆ. ಬ್ರಿಟಿಷರ ಕಾಲದಲ್ಲಿ ಸೇನೆಯ .303 ತೋಟೆ ನಾಗರಿಕರ ಕೈಗೆ ಸಿಗಬಾರದೆಂಬ ನಿರ್ಬಂಧವಿದ್ದುದರಿಂದ, ಆಸ್ಟ್ರಿಯದ ಹಳೆಯ ಎಂಟು ಮಿಲಿಮೀಟರ್ ತೋಟೆಯೊಂದು .315 ಎಂಬ ಹೆಸರಿನಿಂದ ಭಾರತದ ಶಿಕಾರಿಗಳ ಪಾಲಿಗೆ ಬಂತು; ಸ್ವಾತಂತ್ರ್ಯದ ಮೇಲೂ ನಮ್ಮ ಸರಕಾರಿ ಕಾರ್ಖಾನೆ ಅದೇ ಅಳತೆಯ ರೈಫಲ್ ಮಾಡುತ್ತಲೇ ಬಂತು. ಆಯ್ಕೆ ಮಾಡಿದ್ದು ಬೇಟೆಗಾರನಲ್ಲ, ಆಳುವವರ ಭಯ. ತಾಳವಾಡಿ, ಹೊಸೂರು ಕಡೆಯ ಸಂಘಬಾಂಧವರಿಗೆ ಕೆನೆತ್ ಆಂಡರ್ಸನ್ ಅಪರಿಚಿತನಲ್ಲ. ತೇಜಸ್ವಿಯವರ 'ಕಾಡಿನ ಕತೆಗಳು' ಮೂಲಕ ಅವನು ಕನ್ನಡದವನೇ ಆಗಿದ್ದಾನೆ. ಆ ಸೀಮೆಯ ನರಭಕ್ಷಕಗಳ ಹಿಂದೆ ಅವನು ಅಲೆದದ್ದು ಬಹುಪಾಲು ಒಂದೇ ಒಂದು .405 ವಿಂಚೆಸ್ಟರ್ ಹಿಡಿದು. ಇಂದಿನ ಪಟ್ಟಿಯಲ್ಲಿಟ್ಟು ನೋಡಿದರೆ ಅದರ ಗುಂಡು ಭಾರದ್ದು, ವೇಗ ಕಡಿಮೆ, ದೂರಕ್ಕೆ ಸಲ್ಲದು. ಅವನು ಹತ್ತಿರ ಹೋಗುತ್ತಿದ್ದ.

ಗೆಳೆಯರ ವಾದ ಒಂದು ನವೆಂಬರಿನಲ್ಲಿ ನನ್ನ ಪಾಲಿಗೆ ಮುಗಿಯಿತು. ಸಾಲಾಗಿ ನಿಂತು, ಕಾಡಿನಿಂದ ಎಬ್ಬಿಸಿದ ಹಂದಿಗಳನ್ನು ಹೊಡೆಯುವ ದಿನ ಅದು. ಒಬ್ಬರು ಓಡುತ್ತಿದ್ದ ಹಂದಿಗೆ 9.3ರಿಂದ ಹೊಡೆದರು. ಹಂದಿ ಮುಗ್ಗರಿಸಿ, ಎದ್ದು, ಪೊದೆಯೊಳಗೆ ಮರೆಯಾಯಿತು. ಕತ್ತಲಾಗಿತ್ತು. ಮರುದಿನ ಬೆಳಗ್ಗೆ ಹಾನೋವರ್ ತಳಿಯ ನಾಯಿಯೊಡನೆ ಜಾಡು ಹಿಡಿಯುವವರು ಬಂದರು. ಉದ್ದನೆಯ ತೊಗಲಿನ ಹಗ್ಗದ ತುದಿಯಲ್ಲಿ ಅವರು, ಅವರ ಹಿಂದೆ ನಾನು. ಎಲೆಯ ಮೇಲೊಂದು ಹನಿ, ನೂರು ಹೆಜ್ಜೆಯ ನಂತರ ಇನ್ನೊಂದು. ಎರಡು ಕಿಲೋಮೀಟರಿಗೂ ಹೆಚ್ಚು ನಡೆದ ಮೇಲೆ ಒಂದು ಹಳ್ಳದ ಮಗ್ಗುಲಲ್ಲಿ ಅದು ಮಲಗಿತ್ತು, ಇನ್ನೂ ಜೀವವಿತ್ತು. ಮುಂಗಾಲಿನ ಕೆಳಭಾಗ ಮುರಿದಿತ್ತು. ರಾತ್ರಿಯೆಲ್ಲ ಹೆಪ್ಪುಗಟ್ಟುವ ಚಳಿಯಲ್ಲಿ ಅದು ಮೂರು ಕಾಲಿನಲ್ಲಿ ನಡೆದು ಅಲ್ಲಿಗೆ ಮುಟ್ಟಿತ್ತು. ಕೊನೆಯ ಗುಂಡು ಹೊಡೆದವರು ಜಾಡಿನವರೇ. ಅವರ ಹಳೆಯ ಗಿಡ್ಡ ಕೋವಿ.308. ಟೊಂಗೆಯೊಂದನ್ನು ಮುರಿದು, ಇಲ್ಲಿಯ ವಾಡಿಕೆಯಂತೆ ಹಂದಿಯ ಬಾಯಿಗೆ ಕೊನೆಯ ತುತ್ತಾಗಿ ಇಟ್ಟು, ಟೋಪಿ ತೆಗೆದು ಸ್ವಲ್ಪ ಹೊತ್ತು ನಿಂತರು. ವಾಪಸು ಬರುವಾಗ ಕ್ಯಾಲಿಬರಿನ ಬಗ್ಗೆ ಕೇಳಿದೆ. "ಗುಂಡು ದೊಡ್ಡದೇ ಇತ್ತು, ಬಿದ್ದ ಜಾಗ ಮಾತ್ರ ತಪ್ಪು. ವಾರಕ್ಕೆರಡು ಸಲ ಇದನ್ನೇ ನೋಡುತ್ತೇನೆ" ಎಂದರು. ದೊಡ್ಡ ತೋಟೆಯ ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚುವವರು, ದೊಡ್ಡದಿದೆಯಲ್ಲ ಎಂಬ ಧೈರ್ಯದಿಂದ ಹೊಡೆಯಬಾರದಲ್ಲಿ ಹೊಡೆಯುವವರು, ಇಬ್ಬರನ್ನೂ ಅವರು ಬಲ್ಲರು.

ಆ ಸಂಜೆ ಮನೆಯಲ್ಲಿ ನನ್ನ ನಿಜವಾದ ಅಗತ್ಯವನ್ನು ಬರೆದುಕೊಂಡೆ. ನಾವು ಬೇಟೆಯಾಡುವುದು ಊಲ್ಮ್ ನಗರಕ್ಕೆ ಹತ್ತಿರದ ಬೀಚ್ ಮರಗಳ ಗುಡ್ಡಗಳಲ್ಲಿ. ಅಟ್ಟಣೆಯಿಂದ ಹೊಲದ ಅಂಚಿಗೆ ಅರುವತ್ತು, ಎಂಬತ್ತು ಮೀಟರ್. ನೂರೈವತ್ತು ದಾಟಿದ್ದು ನೆನಪಿಲ್ಲ. ಕಣಿವೆ ದಾಟಿಸುವ ಮ್ಯಾಗ್ನಂ ಇಲ್ಲಿ ಏಕೆ? ಒಂದೇ ತೂಕದ ರೈಫಲ್‌ನಲ್ಲಿ ಅದು .308ಕ್ಕಿಂತ ಸುಮಾರು ಒಂದೂವರೆ ಪಟ್ಟು ಒದೆಯುತ್ತದೆ. ನನ್ನಂಥ ಸಣ್ಣ ಮೈಯವನಿಗೆ ಅದೇನು ಸಣ್ಣ ಮಾತಲ್ಲ.

ಉದ್ದದ ಪ್ರಶ್ನೆಯೂ ಇತ್ತು. 2020ರ ತಿದ್ದುಪಡಿಯ ನಂತರ ಇಲ್ಲಿ ಬೇಟೆಗಾರರು ಸೈಲೆನ್ಸರ್ ಬಳಸಬಹುದು. ಸಿನಿಮಾದಲ್ಲಿ ತೋರಿಸುವಂತೆ ಅದು ಸದ್ದನ್ನು ನುಂಗಿಬಿಡುವುದಿಲ್ಲ, ಹೊಡೆಯುವವನ ಮತ್ತು ನಾಯಿಯ ಕಿವಿ ಉಳಿಸುವಷ್ಟು ತಗ್ಗಿಸುತ್ತದೆ. ಅದು ತುದಿಗೆ ಸೇರಿದಾಗ ಉದ್ದದ ನಳಿಗೆ ಅಟ್ಟಣೆಯೊಳಗೆ ತಿರುಗುವುದೇ ಇಲ್ಲ. ಹಾಗೆಂದು ಮ್ಯಾಗ್ನಂ ನಳಿಗೆಯನ್ನು ಗಿಡ್ಡ ಮಾಡಿದರೆ ಅದರ ಅಷ್ಟೂ ಮದ್ದು ಒಳಗೇ ಉರಿದು ತೀರದೆ ತುದಿಯಲ್ಲಿ ಬೆಂಕಿಯಾಗಿ ಹೊರಬರುತ್ತದೆ. .308ರ ಮದ್ದು ಕಡಿಮೆ. 52 ಸೆಂಟಿಮೀಟರಿನಲ್ಲೂ ಅದು ಹೆಚ್ಚು ವೇಗ ಕಳೆದುಕೊಳ್ಳುವುದಿಲ್ಲ.

ಕೊನೆಯದಾಗಿ ಸೀಸ. ಸೀಸದ ಗುಂಡು ಪ್ರಾಣಿಯೊಳಗೆ ಒಡೆದು ಧೂಳಿನಷ್ಟು ಸಣ್ಣ ಚೂರುಗಳನ್ನು ಬಿಡುತ್ತದೆ. ಕಾಡಿನಲ್ಲಿ ಬಿಟ್ಟುಬಂದ ಕರುಳನ್ನು ತಿಂದ ಬಿಳಿಬಾಲದ ಕಡಲಹದ್ದುಗಳು ಸೀಸದ ವಿಷವೇರಿ ಸಾಯುತ್ತವೆಂಬುದು ಇಲ್ಲಿ ಚೆನ್ನಾಗಿ ಸಿದ್ಧಪಟ್ಟ ಸಂಗತಿ. ನಾವಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ದೊಡ್ಡ ಬೇಟೆಗೆ ಸೀಸದ ಗುಂಡನ್ನು 2016ರಿಂದ ನಿಷೇಧಿಸಿದ್ದಾರೆ. ಅದೇ ಮಾಂಸ ನಮ್ಮ ಮಕ್ಕಳ ತಟ್ಟೆಗೂ ಬರುತ್ತದೆ. ಸೀಸದ ಬದಲಿಗೆ ಬಂದ ತಾಮ್ರ ಹಗುರ ಲೋಹವಾದ್ದರಿಂದ ಅಷ್ಟೇ ತೂಕದ ಗುಂಡು ಹೆಚ್ಚು ಉದ್ದವಾಗುತ್ತದೆ. ಉದ್ದದ ಗುಂಡು ನೆಟ್ಟಗೆ ಹಾರಬೇಕಾದರೆ ಹೆಚ್ಚು ವೇಗವಾಗಿ ಗಿರಕಿ ಹೊಡೆಯಬೇಕು, ಅಂದರೆ ನಳಿಗೆಯ ಸುರುಳಿಗೆರೆ ಒತ್ತಾಗಿ ತಿರುಗಿರಬೇಕು. ಸೀಸದ ಕಾಲದ ಹಳೆಯ ನಳಿಗೆಗಳು ಕೆಲವೊಮ್ಮೆ ತಾಮ್ರವನ್ನು ಒಲ್ಲೆನ್ನುವುದು ಇದರಿಂದಲೇ. ತಾಮ್ರದ ತೋಟೆಗಳಲ್ಲಿ ಹೆಚ್ಚು ಬಗೆ ಸಿಗುವುದು ಎಲ್ಲರೂ ಬಳಸುವ .308ಕ್ಕೇ.

ಇಷ್ಟಾದ ಮೇಲೆ ಅಪ್ಪನಿಗೆ ಫೋನು ಮಾಡಿದೆ. ಊರಿನಲ್ಲಿಯೂ ಹಂದಿಯದೇ ಸುದ್ದಿ. ಮರಗೆಣಸು, ಬಾಳೆ, ಹೊಸದಾಗಿ ನೆಟ್ಟ ಅಡಿಕೆ ಸಸಿ, ಯಾವುದನ್ನೂ ಬಿಡುವುದಿಲ್ಲ. 2022ರಲ್ಲಿ ಕೇರಳ ಸರಕಾರ ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ವಹಿಸಿತು. ಪರವಾನಗಿಯುಳ್ಳ ಕೋವಿಯವರೇ ಹೊಡೆಯಬೇಕು, ಹೊಡೆದದ್ದನ್ನು ತಿನ್ನುವಂತಿಲ್ಲ. ಚುನಾವಣೆ ಬಂತೆಂದರೆ ಆ ಕೋವಿಯೂ ಪೊಲೀಸ್ ಠಾಣೆಯಲ್ಲಿ. ಹಂದಿಗೆ ಮಾತ್ರ ನೀತಿಸಂಹಿತೆಯಿಲ್ಲ. ನಮ್ಮ ಮನೆಯ ಕೇಪಿನ ಕೋವಿ ಅಜ್ಜನ ಕಾಲದ್ದು. ಅಪ್ಪ ಅದಕ್ಕೆ ಗುಂಡು ತುಂಬಿಸಿದ್ದನ್ನು ನಾನು ಕಂಡಿಲ್ಲ. ಮದ್ದನ್ನೂ ತೆಂಗಿನ ನಾರನ್ನೂ ಜಡಿದು ಬರಿ ಈಡು ಹಾರಿಸಿ ಹಂದಿಯನ್ನು ಬೆದರಿಸುತ್ತಾರೆ. ಕಾಯಿದೆ ಬರುವ ಮೊದಲಿನ ದಿನಗಳಲ್ಲಿ ಅಜ್ಜ ಬೇಟೆಯಾಡಿದ ಬಗೆಯನ್ನು ಆ ದಿನ ಅವರು ವಿವರವಾಗಿ ಹೇಳಿದರು. ಒಂದು ಈಡು ಹೋದರೆ ಇನ್ನೊಂದನ್ನು ತುಂಬುವಷ್ಟರಲ್ಲಿ ಹಂದಿ ಗುಡ್ಡ ದಾಟಿರುತ್ತದೆ. ಅದಕ್ಕಾಗಿ ಹದಿನೈದು ಮಾರಿನೊಳಗೆ ಬಂದು ಅಡ್ಡ ನಿಲ್ಲದಿದ್ದರೆ ಅಜ್ಜ ಕುದುರೆ ಎಳೆಯುತ್ತಿರಲಿಲ್ಲವಂತೆ. ಎಷ್ಟೋ ರಾತ್ರಿ ತುಂಬಿದ ಕೋವಿಯೊಡನೆ ಹಾಗೆಯೇ ಮನೆಗೆ ಬರುತ್ತಿದ್ದರಂತೆ. "ನಿನ್ನದು ಎಷ್ಟು ದೂರಕ್ಕೆ ಹೋಗ್ತದೆ?" ಎಂದು ಕೇಳಿದರು. ಹೇಳಿದೆ. "ಅಷ್ಟು ದೂರದ್ದು ಕಾಣ್ತದಾ ನಿಂಗೆ?" ಎಂದರು.

ಮರುವಾರವೇ .308 ನಳಿಗೆಗೆ ಹೇಳಿದೆ: 52 ಸೆಂಟಿಮೀಟರ್, ತುದಿಯಲ್ಲಿ ಸೈಲೆನ್ಸರಿಗೆ ತಿರುಪುಗೆರೆ. ಬೆಲೆ ಸಾವಿರ ಯೂರೋ ದಾಟಿತು. ಮನೆಯಾಕೆ ಇದನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ಬಂದ ನಳಿಗೆಯ ಮೇಲೆ ಸರಕಾರಿ ಪರೀಕ್ಷಾಲಯದ ಮುದ್ರೆಯಿತ್ತು. ಮಾಮೂಲಿಗಿಂತ ಹೆಚ್ಚಿನ ಒತ್ತಡದ ತೋಟೆಯನ್ನು ಹಾರಿಸಿ ನೋಡಿ, ತಡೆದುಕೊಂಡರೆ ಮಾತ್ರ ಅವರು ಆ ಮುದ್ರೆ ಒತ್ತುವುದು. ಗುರಿಯ ಮೈದಾನದಲ್ಲಿ ನೂರು ಮೀಟರಿನಿಂದ ಹೊಡೆದ ಮೂರು ತಾಮ್ರದ ಗುಂಡುಗಳನ್ನು ಒಂದು ಬೆಂಕಿಪೆಟ್ಟಿಗೆಯಿಂದ ಮುಚ್ಚಬಹುದಿತ್ತು. ಒದೆತ ಅಷ್ಟೇನಿರಲಿಲ್ಲ, ಗುಂಡು ತಗಲಿದ್ದನ್ನು ದುರ್ಬೀನಿನಲ್ಲಿ ಕಣ್ಣು ಮುಚ್ಚದೆ ನೋಡಲಾಯಿತು.

ನಳಿಗೆಯನ್ನೂ ಇಲ್ಲಿ ಬಂದೂಕಿನಷ್ಟೇ ಗಂಭೀರವಾಗಿ ಪರಿಗಣಿಸುವುದರಿಂದ ಅದನ್ನು ಪರವಾನಗಿ ಪತ್ರದಲ್ಲಿ ದಾಖಲಿಸಬೇಕು. ಹಳೆಯದನ್ನು ಅಂಗಡಿಯವನಿಗೆ ಒಪ್ಪಿಸಿದ ರಶೀದಿಯೊಡನೆ ಕಚೇರಿಗೆ ಹೋದೆ. ಗುಮಾಸ್ತೆ .300ರ ಸಾಲಿನ ಮೇಲೆ ಗೆರೆ ಎಳೆದು, ಕೆಳಗಿನ ಸಾಲಿನಲ್ಲಿ ಹೊಸದರ ಕ್ರಮಸಂಖ್ಯೆ ಬರೆದು, ಎರಡಕ್ಕೂ ಮೊಹರು ಒತ್ತಿ ಪತ್ರವನ್ನು ನನ್ನತ್ತ ಸರಿಸಿದರು.